ಬೀಗರ ಬೆನ್ನ ಹಿಂದಿನ ಸಿಂಗಾಪುರ

ಬೀಗತನವೆಂಬುದು ನಮ್ಮ ಕಡೆ ಒಂದು ಹುದ್ದೆ. ಅದಕ್ಕೆ ಅರ್ಜಿ ಹಾಕುವಂತಿಲ್ಲ, ಅದರಲ್ಲಿ ರಜೆಯಿಲ್ಲ, ವಯಸ್ಸಾಯಿತೆಂದು ಬಿಡುಗಡೆಯೂ ಇಲ್ಲ. ಮಗಳ ಕೊರಳಿಗೆ ತಾಳಿ ಬಿದ್ದ ಗಳಿಗೆಯಲ್ಲೇ ನೇಮಕಾತಿ ಆಗಿಹೋಗುತ್ತದೆ. ಇದರಲ್ಲಿ ಎರಡು ದರ್ಜೆ. ಗಂಡಿನ ಕಡೆಯವರದು ಮೇಲಿನದು, ಹೆಣ್ಣು ಕೊಟ್ಟವರದು ಕೆಳಗಿನದು. ಮೇಲಿನವರು ಬಂದಾಗ ಕೆಳಗಿನವರು ಎದ್ದು ನಿಲ್ಲಬೇಕು, ಖುರ್ಚಿ ಒರೆಸಬೇಕು, ಚಹಾಕ್ಕೆ ಸಕ್ಕರೆ ಜಾಸ್ತಿ ಹಾಕಿಸಬೇಕು. ಮೇಲಿನವರು "ಯಾಕ್ರಿ ಇಷ್ಟು ತ್ರಾಸು" ಎಂದು ಒಮ್ಮೆ ಅಂದು ಕೂಡಬೇಕು. ಅಲ್ಲಿಗೆ ಸೇವಾ ನಿಯಮ ಪಾಲಿಸಿದಂತಾಯಿತು.

ನನ್ನ ಬೀಗರು ಈ ನಿಯಮಕ್ಕೆ ಒಗ್ಗದ ಮನುಷ್ಯ. ನಾನು ಎದ್ದರೆ ಅವರೂ ಏಳುವರು. ನಾನು ಖುರ್ಚಿ ಒರೆಸಿ ಅವರತ್ತ ಸರಿಸಿದರೆ ಅವರು ಅದನ್ನು ಮತ್ತೊಮ್ಮೆ ಒರೆಸಿ ನನ್ನತ್ತ ಸರಿಸುವರು. ಹೀಗಾಗಿ ಸಂಬಂಧವಾದ ಮೊದಲ ವರ್ಷ ನಾವಿಬ್ಬರೂ ಸೇರಿದಾಗಲೆಲ್ಲ ಬಹುಮಟ್ಟಿಗೆ ನಿಂತೇ ಇದ್ದೆವು.

ನನ್ನದು ಶಹಾಪುರದಲ್ಲಿ ಸಿಮೆಂಟು, ಕಬ್ಬಿಣದ ಅಂಗಡಿ. ಅವರದು ಸುರಪುರದಲ್ಲಿ ಅದೇ ವ್ಯಾಪಾರ, ಅದೇ ಕಂಪನಿಯ ಸಿಮೆಂಟು. ಯಾದಗಿರಿಯಲ್ಲಿ ಡೀಲರುಗಳ ಸಭೆ ನಡೆದಾಗ ಪಕ್ಕಪಕ್ಕದಲ್ಲಿ ಕೂತು ಕಂಪನಿಯನ್ನು ಬೈಯುತ್ತಿದ್ದೆವು. ಬೈಗುಳ ಹೊಂದಿದ್ದು ನೋಡಿ ಯಾರೋ ಹಿರಿಯರು ಮಕ್ಕಳ ಜಾತಕವೂ ಹೊಂದಬಹುದೆಂದು ಲೆಕ್ಕ ಹಾಕಿದರು. ನನ್ನ ಮಗಳು ಅವರ ಮಗನಿಗೆ ಹೆಂಡತಿಯಾಗಿ ಸುರಪುರಕ್ಕೆ ಹೋದಳು.

ಕಂಪನಿಯವರಿಗೆ ಒಂದು ಪದ್ಧತಿ ಇದೆ. ಚೆನ್ನಾಗಿ ಮಾರಿದ ಡೀಲರುಗಳನ್ನು ಹೊರದೇಶಕ್ಕೆ ಕರೆದೊಯ್ದು, ದೊಡ್ಡ ದೊಡ್ಡ ಕಟ್ಟಡ ತೋರಿಸಿ, ವಾಪಸು ತಂದು ಬಿಡುತ್ತಾರೆ. ಮದುವೆಯಾಗಿ ಎರಡನೆಯ ವರ್ಷ ನಾನೂ ಬೀಗರೂ ಇಬ್ಬರೂ ಸಿಂಗಾಪುರದ ಪ್ರವಾಸಕ್ಕೆ ಅರ್ಹರಾದೆವು. ಮನೆಯಲ್ಲಿ ಇದು ಗಂಭೀರ ಚರ್ಚೆಗೆ ಒಳಗಾಯಿತು. ಬೀಗರ ಜೊತೆ ಪರದೇಶಕ್ಕೆ ಹೋದವರು ನಮ್ಮ ವಂಶದಲ್ಲಿ ಯಾರೂ ಇರಲಿಲ್ಲ, ಹೇಗೆ ನಡೆದುಕೊಳ್ಳಬೇಕೆಂದು ಕೇಳಲು ಹಿರಿಯರೂ ಉಳಿದಿರಲಿಲ್ಲ.

"ಅವರಿಗಿಂತ ಮೊದಲ ಉಣ್ಣಬ್ಯಾಡ್ರಿ. ಅವರಿಗಿಂತ ಮೊದಲ ಮಲಗಬ್ಯಾಡ್ರಿ" ಎಂದಳು ಹೆಂಡತಿ, ಕಡಕ್ ರೊಟ್ಟಿ ಮತ್ತು ಶೇಂಗಾ ಹಿಂಡಿಯ ಚೀಲ ಕಟ್ಟುತ್ತ. "ಮತ್ತ ಆ ಕ್ಯಾಮೆರಾ ಹಿಡ್ಕೊಂಡು ಅವರನ್ನ ಎಲ್ಲ್ಯರ ನಿಂದ್ರಿಸಿ ಮರ್ತು ಹೋಗಬ್ಯಾಡ್ರಿ."

ಕ್ಯಾಮೆರಾ ನನ್ನ ಏಕೈಕ ಚಟ. ಶಹಾಪುರದ ಕೆರೆಯ ಆಚೆಗಿನ ಗುಡ್ಡ ಮಲಗಿದ ಬುದ್ಧನಂತೆ ಕಾಣುತ್ತದಲ್ಲ, ಅದನ್ನು ನಾನು ಎಷ್ಟೋ ವರ್ಷಗಳಿಂದ ತೆಗೆಯುತ್ತ ಬಂದಿದ್ದೇನೆ. ಬೆಳಗಿನಲ್ಲಿ, ಸಂಜೆಯಲ್ಲಿ, ಕೆರೆ ತುಂಬಿದಾಗ, ಕೆರೆ ಬತ್ತಿ ದನ ಮೇಯುವಾಗ. "ಗುಡ್ಡ ಏನ್ ಓಡಿ ಹೋಗ್ತದೇನ್ರಿ, ಹೋಗಿ ಹೋಗಿ ತೆಗೀತೀರಿ?" ಎಂದು ಹೆಂಡತಿ ಕೇಳುತ್ತಾಳೆ. ನ್ಯಾಯವಾದ ಪ್ರಶ್ನೆಯೇ. ಆದರೆ ಹೊತ್ತು ಮುಳುಗಿದ ಮೇಲೆ ಆಕಾಶದಲ್ಲಿ ಸ್ವಲ್ಪ ನೀಲಿ ಉಳಿದಿರುತ್ತದಲ್ಲ, ಕೆರೆಯ ದಂಡೆಯ ದೀಪಗಳು ಆಗತಾನೆ ಹತ್ತಿರುತ್ತವಲ್ಲ, ಆ ಸಣ್ಣ ಹೊತ್ತು ಮಾತ್ರ ಓಡಿ ಹೋಗುತ್ತದೆ.

ಹೈದರಾಬಾದಿನಿಂದ ವಿಮಾನ ಹತ್ತಿದೆವು. ವಿಮಾನದಲ್ಲಿ ಕಿಟಕಿಯ ಸೀಟು ನನಗೆ ಬಂದಿತ್ತು. ಅದನ್ನು ಬೀಗರಿಗೆ ಕೊಟ್ಟೆ. ಅವರು ತಿರುಗಿ ನನಗೇ ಕೊಟ್ಟರು. ಕೊನೆಗೆ ನಡುವೆ ಕೂತಿದ್ದ ವಡಗೇರಾದ ಡೀಲರು "ಇಬ್ಬರಿಗೂ ಬ್ಯಾಡಾದ್ರ ನಾ ಕೂಡ್ತೀನ್ರಿ, ಬಡವಾ ಅದೀನಿ" ಎಂದು ಕಿಟಕಿ ಸೇರಿ, ಹೈದರಾಬಾದು ಕಣ್ಮರೆಯಾಗುವ ಮೊದಲೇ ಗೊರಕೆ ಹೊಡೆದರು.

ಸಿಂಗಾಪುರದಲ್ಲಿ ನೀರಿನ ಪಕ್ಕ ಒಂದು ಅಗಲವಾದ ದಾರಿ ಇದೆ. ಆ ಕಡೆ ನೋಡಿದರೆ ಮೂರು ಎತ್ತರದ ಕಟ್ಟಡಗಳ ತಲೆಯ ಮೇಲೆ ಅಡ್ಡಲಾಗಿ ಹಡಗು ಇಟ್ಟಂತಿರುವ ಹೋಟೆಲು. ಈ ಕಡೆ ನೋಡಿದರೆ ಬ್ಯಾಂಕುಗಳ ಗಾಜಿನ ಗೋಪುರಗಳು. ನಡುವೆ ಸಿಂಹದ ಮುಖ, ಮೀನಿನ ಮೈಯ ಒಂದು ಬಿಳಿಯ ಪ್ರಾಣಿ ಬಾಯಿಂದ ನೀರು ಉಗುಳುತ್ತ ನಿಂತಿದೆ. ನನಗೆ ಮೊದಲು ಕೈ ಓಡಲೇ ಇಲ್ಲ. ನಮ್ಮೂರಿನ ಗುಡ್ಡ ಮಲಗಿರುವುದರಿಂದ ಕ್ಯಾಮೆರಾ ಅಡ್ಡ ಹಿಡಿದೇ ನನಗೆ ರೂಢಿ. ಇಲ್ಲಿ ಎಲ್ಲವೂ ನಿಂತಿತ್ತು. ಉದ್ದ ಹಿಡಿದರೆ ನೀರು ಹೋಗುತ್ತಿತ್ತು, ಅಡ್ಡ ಹಿಡಿದರೆ ತುದಿ ಹೋಗುತ್ತಿತ್ತು.

"ಊರಿಗಿ ನಿಂದ್ರಾಕ ಬಂದಾವ, ಮಲಗಾಕ ಬಂದಿಲ್ಲ ನೋಡ್ರಿ" ಎಂದರು ಬೀಗರು, ಕಟ್ಟಡಗಳ ಬಗ್ಗೆ.

ಉಳಿದ ಡೀಲರುಗಳ ಆಸಕ್ತಿ ಬೇರೆಯಿತ್ತು. ಅಲ್ಲೇ ಸ್ವಲ್ಪ ದೂರದಲ್ಲಿ ತಗಡು ಮರೆ ಮಾಡಿ ಏನೋ ಕಟ್ಟುತ್ತಿದ್ದರು. ನಮ್ಮವರೆಲ್ಲ ಜಗತ್ಪ್ರಸಿದ್ಧ ಸಿಂಹಕ್ಕೆ ಬೆನ್ನು ಹಾಕಿ, ತಗಡಿನ ಸಂದಿಯಲ್ಲಿ ಸರದಿಯ ಮೇಲೆ ಕಣ್ಣಿಟ್ಟು, ಒಳಗೆ ಯಾವ ಸಿಮೆಂಟು ಬಳಸುತ್ತಿದ್ದಾರೆಂದು ಪರಿಶೀಲಿಸಿದರು. "ಚೀಲನ ಇಲ್ರಿ! ಗಾಡ್ಯಾಗ ಕಲಸ್ಕೊಂಡು ತಂದು ಸುರೀತಾರ" ಎಂದು ವಡಗೇರಾದವರು ವರದಿ ಮಾಡಿದಾಗ, ಚೀಲದ ಮೇಲೆ ಬದುಕಿದ ಆ ಸಮುದಾಯದಲ್ಲಿ ದೊಡ್ಡ ಮೌನ ಕವಿಯಿತು.

ಬೀಗರು ಮಾತ್ರ ಸಿಂಹದ ಮುಂದೆ ನಿಂತಿದ್ದರು. ಅಲ್ಲಿ ಜನ ಒಂದು ಆಟ ಆಡುತ್ತಾರೆ. ದೂರ ನಿಂತು ಬಾಯಿ ತೆರೆದರೆ, ಫೋಟೋದಲ್ಲಿ ಸಿಂಹದ ನೀರು ನೇರ ಬಾಯಿಗೆ ಬಿದ್ದಂತೆ ಕಾಣುತ್ತದೆ. ಎಲ್ಲ ದೇಶದವರೂ ಬಾಯಿ ತೆರೆದು ನಿಂತಿದ್ದರು. ನಾನು ಬೀಗರಿಗೆ ವಿವರಿಸಿ ಹೇಳಿದೆ. ಅವರು ಒಂದು ಕ್ಷಣ ಯೋಚಿಸಿ, ಚಪ್ಪಲಿ ಬಿಟ್ಟು, ಬಲಗೈ ಗುಳಿ ಮಾಡಿ ತೀರ್ಥಕ್ಕೆಂಬಂತೆ ಚಾಚಿದರು. ನಾನು ಫೋಟೋ ತೆಗೆದೆ. ಅವರು ಕೈಯನ್ನು ತುಟಿಗೆ ಮುಟ್ಟಿಸಿ, ಉಳಿದಿದ್ದನ್ನು ತಲೆಗೆ ಸವರಿಕೊಂಡರು. ಕೈಯಲ್ಲಿ ಒಂದು ಹನಿಯೂ ಇರಲಿಲ್ಲ.

"ಬೀಗರ, ಅದು ಬರೇ ಫೋಟೋಕ್ಕ ಇತ್ರಿ."

"ಗೊತ್ತದ ರಿ. ಆದ್ರ ಕೈ ಚಾಚಿದ ಮ್ಯಾಲೆ ಹಂಗ ಹ್ಯಾಂಗ ತಿರುಗಿ ತಗೊಳ್ಳೂದು? ಕೊಟ್ಟವ್ರಿಗಿ ಬ್ಯಾಸರ ಆಗ್ತದ."

ಕೊಟ್ಟವರು ಅಂದರೆ ಆ ಸಿಂಹ. ಆ ಕ್ಷಣದಲ್ಲೇ ನಾನು ಅವರನ್ನು ಬೀಗರು ಎನ್ನುವುದನ್ನು ಬಿಟ್ಟು ಬೇರೇನೋ ಎಂದು ಎಣಿಸಿದ್ದಿರಬೇಕು. ದೋಸ್ತ ಎಂಬ ಮಾತಿದೆ, ನಿಜ. ಆದರೆ ಅರವತ್ತರ ಹತ್ತಿರ ಬಂದವರಿಗೆ, ಅದರಲ್ಲೂ ಬೀಗರಿಗೆ, ಆ ಮಾತು ಹೇಳಿದರೆ ಜನ ಅವರವರ ಮನೆಗೆ ತಿಳಿಸುತ್ತಾರೆ.

ಹೊತ್ತು ಮುಳುಗಿತು. ಆಕಾಶದಲ್ಲಿ ನೀಲಿ ಉಳಿದಿತ್ತು, ಗಾಜಿನ ಗೋಪುರಗಳಲ್ಲಿ ಒಂದೊಂದೇ ದೀಪ ಹತ್ತುತ್ತಿತ್ತು, ಎಲ್ಲವೂ ನೀರಿನಲ್ಲಿ ಇನ್ನೊಮ್ಮೆ ತಲೆಕೆಳಗಾಗಿ ಕಾಣುತ್ತಿತ್ತು. ನನ್ನ ಸಣ್ಣ ಹೊತ್ತು ಅದು. ನಾವಿಬ್ಬರೂ ಒಟ್ಟಿಗಿರುವ ಒಂದೇ ಒಂದು ಫೋಟೋ ಬೇಕೆಂದು ಬೀಗರ ಆಸೆ. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಟೈಮರು ಒತ್ತಿ, ಓಡಿ ಹೋಗಿ ಅವರ ಪಕ್ಕ ನಿಂತೆ.

ಇಲ್ಲಿ ಒಂದು ಧಾರ್ಮಿಕ ಸಮಸ್ಯೆ ಹುಟ್ಟಿತು. ಫೋಟೋದಲ್ಲಿ ಬಲಗಡೆಯ ಜಾಗ ದೊಡ್ಡವರದು. ನಾನು ಬೀಗರನ್ನು ಬಲಗಡೆಗೆ ದೂಡಿದೆ. ಅವರು ನನ್ನನ್ನು ದೂಡಿದರು. ನಾನು ಹೆಣ್ಣು ಕೊಟ್ಟವನೆಂದು ನೆನಪಿಸಿದೆ. ತಾವು ವಯಸ್ಸಿನಲ್ಲಿ ಚಿಕ್ಕವರೆಂದು ಅವರು ನೆನಪಿಸಿದರು. ಅಷ್ಟರಲ್ಲಿ ಟೈಮರು ಬಿತ್ತು. ನೋಡಿದರೆ ಸಿಂಗಾಪುರದ ಮುಂದೆ ಇಬ್ಬರು ಮುದುಕರು ಕುಸ್ತಿ ಹಿಡಿದಂತಿತ್ತು. ಮತ್ತೆ ಒತ್ತಿದೆ, ಮತ್ತೆ ಅದೇ. ಪಕ್ಕದಲ್ಲಿ ನಿಂತಿದ್ದ ಯಾವುದೋ ದೇಶದ ಗಂಡಹೆಂಡತಿ ಜಗಳ ಬಿಡಿಸಬೇಕೋ ಬೇಡವೋ ಎಂದು ನೋಡುತ್ತಿದ್ದರು.

"ಬೆಳಕು ಹೋಗಾಕತ್ತದ ರಿ, ಸುಮ್ಮ ನಿಂದ್ರಿ!" ಎಂದೆ ನಾನು, ಹುದ್ದೆಯ ಮರ್ಯಾದೆ ಮರೆತು.

"ನೀವ್ ಬಲಕ್ಕ ನಿಂದ್ರೂತನಕ ನಾ ಸುಮ್ಮ ನಿಂದ್ರೂದಿಲ್ಲ" ಎಂದು ಅವರು ನನ್ನ ಮುಂಗೈ ಹಿಡಿದು, ಕದಲದಂತೆ ಒತ್ತಿಬಿಟ್ಟರು. ಇಬ್ಬರಿಗೂ ನಗು ತಡೆಯಲಿಲ್ಲ. ಆ ಹೊತ್ತಿಗೆ ಬಿದ್ದ ಫೋಟೋ ಅದು. ನಾನು ಬಲಗಡೆ, ಕೈದಿಯಂತೆ. ಅವರು ಎಡಗಡೆ, ಹಿಡಿದ ಪೊಲೀಸರಂತೆ. ಇಬ್ಬರ ಬಾಯಲ್ಲೂ ಹಲ್ಲು, ಬೆನ್ನ ಹಿಂದೆ ಪೂರಾ ಸಿಂಗಾಪುರ, ತುದಿಯೂ ಹೋಗಿಲ್ಲ, ನೀರೂ ಹೋಗಿಲ್ಲ. ನಾನು ಜೀವಮಾನದಲ್ಲಿ ತೆಗೆದ ಫೋಟೋಗಳಲ್ಲಿ ಅದೇ ಶ್ರೇಷ್ಠವೆಂದು ನನ್ನ ಅಭಿಪ್ರಾಯ. ಅದನ್ನು ನಾನು ತೆಗೆದಿದ್ದಲ್ಲ, ಟೈಮರು ತೆಗೆದದ್ದು ಎಂಬುದು ಬೇರೆ ಮಾತು.

ಊರಿಗೆ ಬಂದು ಶಹಾಪುರದ ಸ್ಟುಡಿಯೋದಲ್ಲಿ ಅದನ್ನು ದೊಡ್ಡದು ಮಾಡಿಸಲು ಕೊಟ್ಟೆ. ಆ ಸ್ಟುಡಿಯೋದವರ ಕಸುಬೇ, ಯಾದಗಿರಿ ದಾಟದ ನವದಂಪತಿಗಳನ್ನು ಕಂಪ್ಯೂಟರಿನಲ್ಲಿ ಸಿಂಗಾಪುರದ ಮುಂದೆ ನಿಲ್ಲಿಸುವುದು. ಅವರು ನಮ್ಮ ಫೋಟೋವನ್ನು ಕಣ್ಣು ಕಿರಿದು ಮಾಡಿ ನೋಡಿದರು.

"ಈ ಬ್ಯಾಕ್‌ಗ್ರೌಂಡ್ ಎಲ್ಲಿ ಹಾಕ್ಸೀರಿ? ನನ್ನ ಕಡಿ ಇದಕ್ಕಿಂತ ಛಲೋ ಅದ."

"ಹಾಕ್ಸಿದ್ದಲ್ಲ. ಹೋಗಿ ತೆಗದದ್ದು."

"ಹೋಗೂದ್ಯಾಕ್ರಿ?" ಎಂದರು ಅವರು, ನಿಜವಾದ ಕನಿಕರದಿಂದ.

ಎರಡು ಪ್ರತಿ ಕಟ್ಟು ಹಾಕಿಸಿದೆ. ಒಂದು ಅಂಗಡಿಯಲ್ಲಿ ನಾನು ದುಡ್ಡು ಎಣಿಸುವ ಗಲ್ಲೆಯ ಹಿಂದೆ, ಇನ್ನೊಂದು ಸುರಪುರದಲ್ಲಿ ಅವರ ಗಲ್ಲೆಯ ಹಿಂದೆ. ಅಂಗಡಿ ಮುಚ್ಚುವ ಹೊತ್ತಿಗೆ ಅವರ ಫೋನು ಬರುವುದು ರೂಢಿಯಾಯಿತು. ಮಾತಿಗೆ ವಿಷಯವೇನೂ ಇರುತ್ತಿರಲಿಲ್ಲ. ಇವತ್ತು ಒಬ್ಬರು ಫೋಟೋ ನೋಡಿ ಹೀಗೆಂದರು, ಇನ್ನೊಬ್ಬರು ಅದು ದುಬೈ ಎಂದು ವಾದಿಸಿದರು, ಮುಂದಿನ ಸಲ ಹಾಂಕಾಂಗಿಗೆ ಹೋದರೆ ಅಲ್ಲೂ ನೀರಿದೆಯಂತೆ, ಕಟ್ಟಡಗಳ ಹಿಂದೆ ಗುಡ್ಡವೂ ಇದೆಯಂತೆ, "ನಿಮಗ ಗುಡ್ಡ ಇಲ್ದ ಕೈ ಓಡೂದಿಲ್ಲಲ್ರಿ", ಇಂಥವು. ಒಂದು ರವಿವಾರ ವನದುರ್ಗದ ಕೋಟೆ ನೋಡಲು ಹೋದೆವು. ಅವರು ಕೋಟೆಯ ಗೋಡೆ ತಟ್ಟಿ ನೋಡಿ, "ಸಿಮೆಂಟ್ ಇಲ್ದ ನಿಂತದ. ಇದನ್ನ ಗಿರಾಕಿಗಳಿಗೆ ತೋರಿಸಬ್ಯಾಡ್ರಿ" ಎಂದರು.

ಇಷ್ಟರಲ್ಲಿ ಮಕ್ಕಳ ಸಂಸಾರ ಸರಿ ಹೋಗಲಿಲ್ಲ.

ಯಾರ ತಪ್ಪು ಎಂದು ಕೇಳುವವರು ಬಹಳ. ನನ್ನ ಮಗಳು ಒಳ್ಳೆಯವಳು. ಆ ಹುಡುಗನೂ ಕೆಟ್ಟವನಲ್ಲ, ಅವನು ಕೈ ಎತ್ತಲಿಲ್ಲ, ಕುಡಿಯಲಿಲ್ಲ, ಸುಳ್ಳೂ ಹೇಳಲಿಲ್ಲ. ಉಸುಕೂ ಛಲೋ, ಸಿಮೆಂಟೂ ಛಲೋ, ನೀರೂ ಸಿಹಿ, ಆದರೂ ಗೋಡೆ ಬಿರುಕು ಬಿಡುವುದನ್ನು ನಾನು ವ್ಯಾಪಾರದಲ್ಲಿ ಕಂಡಿದ್ದೇನೆ. ಗಿರಾಕಿ ಬಂದು ಜಗಳಾಡಿದರೆ ಯಾರನ್ನು ತೋರಿಸುವುದು? ಇಬ್ಬರೂ ಒಂದೇ ಮನೆಯಲ್ಲಿ ಒಬ್ಬರಿಗೊಬ್ಬರು ಮಾತಿಲ್ಲದೆ ಎರಡು ವರ್ಷ ಕಳೆದರು. ಆಮೇಲೆ ಮಗಳು ಒಂದು ಚೀಲ ಹಿಡಿದು ಶಹಾಪುರದ ಬಸ್ಸು ಹತ್ತಿ ಬಂದಳು. "ಅಪ್ಪಾ, ಇನ್ನ ಸಾಕು" ಎಂದಳು. ಸಾಕು ಅಂದ ಮೇಲೆ ಸಾಕು. ನಾನು ಅವಳ ಕೈಯ ಚೀಲ ಇಸಕೊಂಡೆ.

ಯಾದಗಿರಿಯಲ್ಲಿ ಎರಡೂ ಕಡೆಗೆ ಬೇಕಾದ ಸಂಬಂಧಿಕರೊಬ್ಬರ ಮನೆಯಲ್ಲಿ ಹಿರಿಯರು ಕೂತರು. ಜಮಖಾನೆಯ ಆ ಕಡೆ ಅವರು, ಈ ಕಡೆ ನಾವು. ಒಬ್ಬರ ಮುಖ ಒಬ್ಬರು ನೋಡದಂತೆ ಕೂಡುವುದು ಅಂಥ ಕೂಟಗಳ ಶಿಸ್ತು. ಬೀಗರು ಒಂದು ಸಲ ಮಾತಾಡಬೇಕಾಗಿ ಬಂತು. ನನ್ನ ಹೆಸರು ಹೇಳಲಿಲ್ಲ, ಬೀಗರು ಎಂದೂ ಅನ್ನಲಿಲ್ಲ. ಹಿರಿಯರ ಕಡೆ ತಿರುಗಿ, "ಹೆಣ್ಣಿನ ಕಡಿಯವರು ಹ್ಯಾಂಗ ಅಂತಾರ ಹಂಗ" ಎಂದರು. ಅಂದವರೇ ತಲೆ ತಗ್ಗಿಸಿ ಜಮಖಾನೆಯ ಅಂಚಿನ ದಾರ ಕೀಳತೊಡಗಿದರು. ಅಲ್ಲಿದ್ದವರು ಅದನ್ನು ಸಿಟ್ಟು ಎಂದು ತಿಳಿದರು.

"ಇನ್ನ ಈ ಎರಡು ಮನಿ ನಡುವ ಕೊಡೂದು, ತಗೊಳ್ಳೂದು, ಹೋಗೂದು, ಬರೂದು ಏನೂ ಇಲ್ಲ" ಎಂದು ಹಿರಿಯರು ತೀರ್ಮಾನ ಹೇಳಿದರು. ಆಮೇಲೆ ವಕೀಲರ ಮುಂದೆ ಸಹಿಗಳಾದವು. ಮಕ್ಕಳಿಗೆ ಬಿಡುಗಡೆ ಸಿಕ್ಕಿತು. ನಮ್ಮಿಬ್ಬರನ್ನು ಮಾತ್ರ ಕೇಳದೆಯೇ ನೌಕರಿಯಿಂದ ತೆಗೆದುಹಾಕಿದಂತಾಯಿತು.

ಮಗಳ ಸಾಮಾನು ಒಂದು ಟೆಂಪೋದಲ್ಲಿ ಬಂತು. ಮಂಚ, ಅಲಮಾರಿ, ಹಂಡೆ, ಕೊಡ, ಬಟ್ಟೆಯ ಗಂಟು. ಎಲ್ಲದರ ಹಿಂದೆ ಹಳೆಯ ಚಾದರದಲ್ಲಿ ಸುತ್ತಿ, ಸುತ್ತಲೂ ಸುತಳಿ ಹುರಿ ಬಿಗಿದ ಒಂದು ಚಪ್ಪಟೆ ವಸ್ತು. ಹೆಂಡತಿ ಬಿಚ್ಚಿದಳು. ಸಿಂಗಾಪುರ. ಸುರಪುರದ ಪ್ರತಿ.

"ನೋಡ್ರಿ! ಫೋಟೋ ಸೈತ ತಿರುಗಿ ಕಳಿಸ್ಯಾರ" ಎಂದಳು ಹೆಂಡತಿ. "ಎಂಥಾ ಹಟ! ನಮ್ಮದನ್ನೂ ಇಳಸ್ರಿ ಇವತ್ತ. ಬಂದ ಮಂದಿ ಕೇಳ್ತಾರ, ಹುಡುಗಿ ಕಣ್ಣಿಗಿ ಬೀಳ್ತದ."

ಆ ಮಾತು ನನ್ನ ಎದೆಗೆ ನಾಟಿತು. ಸಿಂಹದ ನೀರನ್ನು ತಿರುಗಿಸಿದರೆ ಬೇಸರವಾದೀತೆಂದ ಮನುಷ್ಯ, ನನ್ನ ಫೋಟೋವನ್ನು ಹಂಡೆ, ಕೊಡಗಳ ಸಂಗಡ ತಿರುಗಿ ಕಳಿಸಿದ್ದರು. ನಮ್ಮ ಪ್ರತಿಯನ್ನೂ ಇಳಿಸಿದೆ. ಎರಡನ್ನೂ ಮುಖಾಮುಖಿ ಇಟ್ಟು, ಗೋದಾಮಿನಲ್ಲಿ ಗೋಡೆಗೆ ಬಳಿಯುವ ಪುಟ್ಟಿಯ ಚೀಲಗಳ ಹಿಂದೆ ನಿಲ್ಲಿಸಿದೆ.

ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಅಪ್ಪಾ, ನಾ ಬಿಟ್ಟಿದ್ದು ಅವನ್ನ. ನೀ ಯಾಕ ಮಾವನ್ನ ಬಿಟ್ಟಿ?"

"ಪದ್ಧತಿ ಅದವ್ವಾ."

"ನಂದು ಪದ್ಧತಿ ಆಗಿತ್ತೇನು? ನಾ ಬಂದಿಲ್ಲೇನು ಹೊರಗ?"

ನಾನು ಪುಟ್ಟಿಯ ಚೀಲವೊಂದನ್ನು ಫೋಟೋಗಳ ಮುಂದೆ ಇನ್ನಷ್ಟು ಸರಿಸಿದೆ. ಅವಳು ಯಾದಗಿರಿಯ ಒಂದು ಕಚೇರಿಯಲ್ಲಿ ಕೆಲಸಕ್ಕೆ ಸೇರಿದ್ದಳು, ದಿನಾ ಬೆಳಿಗ್ಗೆ ಬಸ್ಸಿಗೆ ಹೋಗುತ್ತಿದ್ದಳು. ಅವಳ ಮುಖದಲ್ಲಿ ಊಟದ ಕಳೆ ಬಂದಿತ್ತು. ಮನೆಯಲ್ಲಿ ಆ ಬೇರ್ಪಡಿಕೆಯಿಂದ ಚೇತರಿಸಿಕೊಳ್ಳದೆ ಉಳಿದವನು ನಾನೊಬ್ಬನೇ. ಅದನ್ನು ಯಾರಿಗಾದರೂ ಹೇಳಿಕೊಳ್ಳೋಣವೆಂದರೆ, ಬೀಗರು ಹೋದರೆಂದು ಮರುಗುವ ಕ್ರಮ ನಮ್ಮಲ್ಲಿಲ್ಲ. ಸತ್ತರೆ ಇದೆ.

ಕೆಲವು ತಿಂಗಳು ಕಳೆದ ಮೇಲೆ, ಅಂಗಡಿ ಮುಚ್ಚುವ ಹೊತ್ತಿಗೆ, ಗೊತ್ತಿಲ್ಲದ ನಂಬರಿನಿಂದ ಫೋನು ಬಂತು.

"ನಾನ್ರಿ."

ಬೇರೇನೂ ಹೇಳುವ ಅಗತ್ಯವಿರಲಿಲ್ಲ. ನಾನು ಎದ್ದು ನಿಂತೆ. ಫೋನಿನಲ್ಲಿ ಕಾಣುವುದಿಲ್ಲವೆಂಬುದು ಆಮೇಲೆ ಹೊಳೆಯಿತು.

"ಹೇಳ್ರಿ."

"ಆ ಫೋಟೋ ನಿಮ್ಮ ಕಡಿ ಬಂದದೇನ್ರಿ? ಸಾಮಾನಿನ ಸಂಗಡ?"

"ಬಂದದ. ನೀವ ಕಳಿಸೀರಿ."

"ನಾ ಅಲ್ರಿ. ನಾ ಸಿಮೆಂಟ್ ಇಳಿಸ್ಕೊಳ್ಳಾಕ ಹೋಗಿದ್ದೆ. ಬಂದು ನೋಡ್ತೀನಿ, ಗ್ವಾಡಿ ಮ್ಯಾಲ ಮೊಳಿ ಅಷ್ಟ ಉಳದದ. ಮನ್ಯಾಗ ಅಂದ್ರು, ಅವರದು ಅವರಿಗಿ ಹೋತು, ಅಂತ. ಇಷ್ಟು ದಿನ ಕೇಳಬೇಕು ಕೇಳಬೇಕು ಅಂತ ಮಾಡಿದೆ. ಹಿರೇರು ಹೇಳ್ಯಾರಲ್ಲ, ಕೊಡೂದು ತಗೊಳ್ಳೂದು ಇಲ್ಲಂತ. ಒಡದು ಹೋಗ್ಯದೇನೋ ಅನ್ನೂದು ಒಂದ ಹೆದರಿಕಿ ಇತ್ತು. ಅಷ್ಟ ಕೇಳಾಕ ಮಾಡಿದೆ."

"ಒಡದಿಲ್ರಿ."

"ಹಾಂ. ಸಾಕು."

ಇಟ್ಟುಬಿಡುವವರಿದ್ದರು. ನಾನೇ ಕೇಳಿದೆ, ಬೇಕೇನು ಎಂದು. ಅವರು ಬೇಕು ಎನ್ನಲಿಲ್ಲ, ಬೇಡ ಎನ್ನಲಿಲ್ಲ. "ಹ್ಯಾಂಗ ಹಾಕಲ್ರಿ? ನೀವ್ ಅದೀರಲ್ಲ ಅದರಾಗ" ಎಂದರು.

ಅವರು ಹೇಳಿದ್ದು ಸರಿ. ಸ್ಟುಡಿಯೋಕ್ಕೆ ಹೋಗಿ ಸುಮ್ಮನೆ ವಿಚಾರಿಸಿದೆ. ಸ್ಟುಡಿಯೋದವರು ಉತ್ಸಾಹದಿಂದ, "ಒಬ್ಬರನ್ನ ತೆಗದು ಅಲ್ಲಿ ಬಿಲ್ಡಿಂಗ್ ತುಂಬ್ತೀನ್ರಿ. ಯಾರನ್ನ ತೆಗೀಲಿ ಹೇಳ್ರಿ" ಎಂದರು. ಒಬ್ಬರ ಮುಂಗೈ ಇನ್ನೊಬ್ಬರ ಕೈಯಲ್ಲಿತ್ತು. ಯಾರನ್ನು ತೆಗೆದರೂ ಒಂದು ಕೈ ಉಳಿಯುತ್ತಿತ್ತು. ಬೇಡ ಎಂದು ಬಂದೆ.

ಕ್ಯಾಮೆರಾದ ಕಾರ್ಡಿನಲ್ಲಿ ಆ ಸಂಜೆಯ ಫೋಟೋಗಳನ್ನೆಲ್ಲ ಕೂತು ನೋಡಿದೆ. ಕುಸ್ತಿಯ ಫೋಟೋಗಳು, ಮಸುಕಾದವು, ತಲೆ ಹೋದವು. ಅವುಗಳ ನಡುವೆ ಒಂದರಲ್ಲಿ ಜನರೇ ಇರಲಿಲ್ಲ. ನಾವಿಬ್ಬರೂ ಒಬ್ಬರನ್ನೊಬ್ಬರು ಎಳೆದಾಡುತ್ತ ಚೌಕಟ್ಟಿನ ಆಚೆಗೇ ಹೋಗಿಬಿಟ್ಟಿದ್ದಾಗ ಟೈಮರು ಬಿದ್ದಿತ್ತು. ಅದೇ ನೀರು, ಅದೇ ನೀಲಿ, ಹಡಗು ಹೊತ್ತ ಅದೇ ಕಟ್ಟಡಗಳು. ಮಾರಾಟದ ಕ್ಯಾಲೆಂಡರಿನಲ್ಲಿ ಹಾಕಬಹುದಾದಷ್ಟು ನಿರ್ದೋಷವಾದ ಚಿತ್ರ.

ಅದನ್ನು ಅಷ್ಟೇ ದೊಡ್ಡದಾಗಿ ಮಾಡಿಸಿ, ಕಟ್ಟು ಹಾಕಿಸಿ, ಸುರಪುರದ ಬಸ್ಸಿನ ಕಂಡಕ್ಟರರ ಕೈಯಲ್ಲಿ ಕಳಿಸಿದೆ. ಯಾರು ಕಳಿಸಿದ್ದೆಂದು ಬರೆಯಲಿಲ್ಲ. ಕೊಡುವುದಿಲ್ಲ ತಗೊಳ್ಳುವುದಿಲ್ಲ ಎಂದಿದ್ದಾರೆ ಹಿರಿಯರು, ನಿಜ. ಆದರೆ ಕಳಿಸಿದವರ ಹೆಸರಿಲ್ಲದ ಊರಿನ ಚಿತ್ರವೊಂದು ಬಸ್ಸಿನಲ್ಲಿ ಹೋದರೆ ಅದನ್ನು ಯಾವ ಕಲಮಿನ ಕೆಳಗೆ ತರುತ್ತಾರೆ?

ಎರಡು ದಿನಕ್ಕೆ ಅದೇ ನಂಬರಿನಿಂದ ಫೋನು.

"ಹಾಕೀನ್ರಿ. ಮನ್ಯಾಗೂ ಯಾರೂ ಏನೂ ಅನ್ನಲಿಲ್ಲ. ಛಂದ ಅದ ಅಂದ್ರು." ಮತ್ತೆ ತಾವೇ, "ನನಗ ಮಾತ್ರ ನೋಡಿದಾಗೊಮ್ಮೆ ಏನೋ ಆಗ್ತದ ರಿ. ಊಟಕ್ಕ ಕರದು, ಮನಿ ಕೀಲಿ ಹಾಕ್ಕೊಂಡು ಹೋದಂಗ" ಎಂದರು.

ನಾನು ನಗಬೇಕೆಂದು ಹೇಳಿದ್ದರು. ನಕ್ಕೆ.

"ಇನ್ನೊಂದು ಹೇಳಬೇಕಿತ್ತು. ಬ್ಯಾರೆ ಕಡಿಂದ ಗೊತ್ತಾಗೂಕಿಂತ ನಾನ ಹೇಳಿದ್ರ ಛಲೋ. ನಮ್ಮವನಿಗಿ ಕಕ್ಕೇರಾದಾಗ ಹೆಣ್ಣು ನೋಡೀವಿ. ಆಗ್ಯಾದ ಮಾತು."

"ಛಲೋ ಆತು ಬಿಡ್ರಿ." ಮನಸ್ಸಿನಿಂದಲೇ ಅಂದೆ. ಆ ಹುಡುಗನ ಮೇಲೆ ನನಗೆ ಸಿಟ್ಟಿರಲಿಲ್ಲ. ಆದರೂ ಬಾಯಿ ತಾನಾಗಿ ಇನ್ನೊಂದು ಪ್ರಶ್ನೆ ಕೇಳಿತು. "ಬೀಗರು ಹ್ಯಾಂಗ ಅದಾರ?"

"ಛಲೋ ಮನುಷ್ಯಾರು. ಕೂಡ್ರಿ ಅಂದ್ರ ಕೂಡ್ತಾರ."

"ಮತ್ತೇನು ಬೇಕ್ರಿ."

"ಹೌದ್ರಿ. ಏನೂ ತ್ರಾಸಿಲ್ಲ." ಆಮೇಲೆ, ದನಿ ಇಳಿಸಿ, "ನಿಮ್ಮ ಫೋನಿಗಿ ಮತ್ತ ಮಾಡೂದು ಬರೋಬರಿ ಕಾಣೂದಿಲ್ಲ. ಹೊಸ ಮಂದಿ ಬರ್ತಾರ ಮನಿಗಿ. ನಿಮ್ಮ ಹುಡುಗಿಗೂ ನಾಳೆ ಒಂದು ಮನಿ ಆಗಬೇಕು. ನಾವ್ ಇಬ್ರೂ ಮಾತಾಡ್ತೀವಂತ ಗೊತ್ತಾದ್ರ ಮಂದಿ ಸುಮ್ಮ ಬಿಡೂದಿಲ್ಲ" ಎಂದರು.

ಎಲ್ಲವೂ ಸರಿಯಾದ ಮಾತೇ. ತಿರಸ್ಕರಿಸಲು ಒಂದು ಕಾರಣವೂ ಸಿಗಲಿಲ್ಲ. "ಆತು ರಿ" ಎಂದೆ. ಅಂಗಡಿಯ ಶಟರು ಎಳೆದು ಕೀಲಿ ಹಾಕುವಾಗ, ಮಗಳು ಅಂದು ಕೇಳಿದ್ದಕ್ಕೆ ನನಗಿಂತ ಧೈರ್ಯವಂತನಾದ ಒಬ್ಬ ತಂದೆ ಏನೆಂದು ಉತ್ತರ ಕೊಡುತ್ತಿದ್ದನೋ ಎಂದು ಯೋಚಿಸಿದೆ. ಗೊತ್ತಾಗಲಿಲ್ಲ. ನಾನು ಆ ತಂದೆಯಲ್ಲ, ಅಷ್ಟೇ.

ಆ ಹುಡುಗನ ಮದುವೆಯಾಯಿತೆಂದು ಕೇಳಿದೆ. ಮುಂದಿನ ವರ್ಷ ಯಾದಗಿರಿಯಲ್ಲಿ ಡೀಲರುಗಳ ಸಭೆ ಸೇರಿತು. ಅವರು ಮುಂದಿನ ಸಾಲಿನಲ್ಲಿ, ನಾನು ಹಿಂದಿನ ಸಾಲಿನಲ್ಲಿ. ಈ ಸಲದ ಪ್ರವಾಸ ಹಾಂಕಾಂಗಿಗೆ ಎಂದು ಕಂಪನಿಯವರು ಘೋಷಿಸಿದರು. ಚಪ್ಪಾಳೆ ಬಿತ್ತು. ಅವರ ಹೆಸರು ಓದಿದರು, ಆಮೇಲೆ ನನ್ನದೂ ಓದಿದರು. ಅವರ ಹೆಗಲು ಒಂದಿಷ್ಟು ಅಲುಗಿತು, ಆದರೆ ಹಿಂದೆ ತಿರುಗಿ ನೋಡಲಿಲ್ಲ. ಸಭೆ ಮುಗಿದ ಮೇಲೆ ನಾನು ಕಂಪನಿಯವರಿಗೆ ಮೊಣಕಾಲು ನೋವಿದೆ, ಬರಲಾಗದು ಎಂದು ತಿಳಿಸಿದೆ. ಒಂದೇ ಊರಿನ ಒಂದೇ ದಂಡೆಯ ಮೇಲೆ ಹೋಗಿ, ಗುರುತಿಲ್ಲದವರಂತೆ ಬೇರೆ ಬೇರೆ ಫೋಟೋ ತೆಗೆದುಕೊಳ್ಳುವ ವಿದ್ಯೆ ನನಗೆ ಬರುವುದಿಲ್ಲ. ಮೊಣಕಾಲು ನಿಜಕ್ಕೂ ಸ್ವಲ್ಪ ನೋಯುತ್ತಿತ್ತು, ಹಾಗಾಗಿ ಸುಳ್ಳು ಹೇಳಿದ ಪಾಪವಿಲ್ಲ.

ಅವರೆಲ್ಲ ಪ್ರವಾಸ ಹೋಗಿದ್ದ ವಾರದಲ್ಲಿ ಒಂದು ಸಂಜೆ ನನ್ನ ಫೋನಿಗೆ ಒಂದು ಫೋಟೋ ಬಂತು. ಈ ಸಲ ಅವರ ಸ್ವಂತ ನಂಬರಿನಿಂದಲೇ. ಹಾಂಕಾಂಗಿನ ನೀರು, ಆಚೆ ಸಾಲಾಗಿ ಗೋಪುರಗಳು, ಅವುಗಳ ಹಿಂದೆ ಗುಡ್ಡ. ಬರವಣಿಗೆ ಒಂದಕ್ಷರವೂ ಇಲ್ಲ, ಚಿತ್ರದಲ್ಲಿ ಮನುಷ್ಯರೂ ಇಲ್ಲ. ತಾವೇ ಮೊಬೈಲು ಹಿಡಿದು ತೆಗೆದಿದ್ದರು. ನೀರಿನ ಗೆರೆ ಒಂದು ಕಡೆಗೆ ಜಾರಿ, ಇಡೀ ಪಟ್ಟಣ ಎಡಕ್ಕೆ ಹರಿದುಹೋಗುವಂತೆ ಕಾಣುತ್ತಿತ್ತು. ಅತಿ ಎತ್ತರದ ಕಟ್ಟಡದ ತುದಿ ಕತ್ತರಿಸಿತ್ತು. ಆಕಾಶ ಪೂರಾ ಕಪ್ಪಾದ ಮೇಲೆ ತೆಗೆದಿದ್ದರಿಂದ ಗುಡ್ಡ ಎಲ್ಲಿ ಮುಗಿಯಿತು, ಕತ್ತಲೆ ಎಲ್ಲಿ ಹತ್ತಿತು ಎಂದು ಹೇಳುವಂತಿರಲಿಲ್ಲ.

ನಾನು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದೆ. ಹೇಳಬೇಕಾದ್ದು ಎಷ್ಟೋ ಇತ್ತು. ಮೊಬೈಲು ಹೇಗೆ ಹಿಡಿಯಬೇಕು, ಯಾವ ಹೊತ್ತಿಗೆ ಹೋಗಿ ನಿಲ್ಲಬೇಕು, ತುದಿ ಹೋಗದಂತೆ ಎಷ್ಟು ಹಿಂದೆ ಸರಿಯಬೇಕು. ಫೋಟೋದ ವಿಷಯದಲ್ಲಿ ನಾನು ಯಾರಿಗೂ ದಾಕ್ಷಿಣ್ಯ ತೋರಿಸಿದವನಲ್ಲ. ಸ್ವಂತ ಮಗಳು ತೆಗೆದದ್ದನ್ನೂ ಸೊಟ್ಟ ಎಂದು ಅಳಿಸಿದವನು.

"ಭಾಳ ಛಲೋ ಬಂದದ ರಿ" ಎಂದು ಬರೆದು ಕಳಿಸಿದೆ.

ಅವರು ಓದಿದ ಗುರುತು ಫೋನಿನಲ್ಲಿ ಬಂತು. ಉತ್ತರ ಬರಲಿಲ್ಲ. ಬರುವ ಹಾಗೂ ಇರಲಿಲ್ಲ.